ಮಾರ್ಗಿಟ್ ಹಡಗಿನ ಕೂಸು

ಪೆಟ್ಟಿಗೆಯ ಮುಚ್ಚಳಕ್ಕೆ ಆಗಲೇ ಸ್ಕ್ರೂ ಬಿಗಿದಿದ್ದರು. ಹೆಂಡತಿಯ ಬಾಯಿಗೆ ಹಾಕಬೇಕೆಂದು ತಂದಿದ್ದ ಅಕ್ಕಿಯನ್ನು ಹನುಮಂತರಾಯರು ಮುಚ್ಚಳದ ಮೇಲೆಯೇ ಬಿಟ್ಟರು. ನಯವಾದ ಮರದ ಮೇಲೆ ಕಾಳು ನಿಲ್ಲಲಿಲ್ಲ. ಜಾರಿ ಕಲ್ಲುನೆಲಕ್ಕೆ ಉದುರಿದವು.

“ಪಾಪಾ, ಇನ್ನು ಐದೇ ನಿಮಿಷ,” ಎಂದಳು ಮಗಳು ಇಳಾ. “ಹನ್ನೊಂದೂವರೆಗೆ ಬೇರೆಯವರ ಟೆರ್ಮಿನ್ ಇದೆ, ಹಾಲ್ ಬಿಟ್ಟುಕೊಡ್ಬೇಕು.”

“ಬೆಂಕಿ ಯಾವಾಗಂತೆ?”

“ಇವತ್ತಲ್ಲ. ದೇ ವಿಲ್ ರೈಟ್ ಟು ಅಸ್.”

ಹ್ಯಾಂಬರ್ಗಿನಲ್ಲಿ ೨೦೦೨ರ ಆ ನವೆಂಬರ್ ಬೆಳಿಗ್ಗೆ ಸುಶೀಲಮ್ಮನನ್ನು ಕಳಿಸಿಕೊಡಲು ಬಂದವರು ಹನ್ನೊಂದು ಜನ. ಹೆಚ್ಚಿನವರು ಆಕೆ ಇಪ್ಪತ್ತಾರು ವರ್ಷ ಕೆಲಸ ಮಾಡಿದ ಹಡಗು ದಾಖಲೆಗಳ ಆರ್ಕೈವ್‌ನವರು. ಪುರೋಹಿತರು ಸಿಕ್ಕಿರಲಿಲ್ಲ. ಮೈಸೂರಿನ ಕಶ್ಯಪ್ ಪ್ರಿಂಟ್ ತೆಗೆದ ಹಾಳೆ ನೋಡಿ ಶ್ಲೋಕ ಓದಿದ. ಜರ್ಮನಿ ಕೊಡುತ್ತಿದ್ದ ಗ್ರೀನ್ ಕಾರ್ಡಿನ ಮೇಲೆ ಅವನು ಕೆಲಸಕ್ಕೆ ಬಂದಿದ್ದ ಸಾಫ್ಟ್‌ವೇರ್ ಕಂಪನಿ ಸೆಪ್ಟೆಂಬರಿನಲ್ಲಿ ಮುಚ್ಚಿತ್ತು. ಅದಕ್ಕೂ ಮೊದಲಿನಿಂದ ಭಾನುವಾರಗಳಲ್ಲಿ ಆಕೆಯ ಜೊತೆ ಕೂತು ಹಳೆಯ ಹಡಗುಗಳ ಪಟ್ಟಿಯನ್ನು ಕಂಪ್ಯೂಟರಿಗೆ ಏರಿಸುತ್ತಿದ್ದ.

ಹೊರಗೆ ಬಂದಾಗ ಕೋಲೂರಿಕೊಂಡ ಒಬ್ಬ ಮುದುಕಿ ಹನುಮಂತರಾಯರ ಕೈ ಹಿಡಿದುಕೊಂಡರು.

“ನಾನು ಆಲ್ಮಾ. ಮಿನೆಸೋಟದಿಂದ,” ಎಂದರು ಇಂಗ್ಲಿಷಿನಲ್ಲಿ. “ಇವತ್ತು ಎರಡು ಗಂಟೆಗೆ ಅವರು ನನಗೆ ಆ ಪುಟ ತೋರಿಸಬೇಕಿತ್ತು. ಅವರಿಲ್ಲ ಅಂತ ನಿನ್ನೆ ಗೊತ್ತಾಯಿತು.”

*

ಮೂರು ವರ್ಷದ ಹಿಂದೆ ಆಲ್ಮಾ ಬರೆದ ಕಾಗದ ಬಂದಿತ್ತು. ಅವರ ಅಜ್ಜಿ ಮೂರು ವರ್ಷದವಳಿದ್ದಾಗ, ೧೮೬೮ರಲ್ಲಿ, ನಾರ್ವೆಯಿಂದ ‘ಮಾರ್ಗಿಟ್’ ಎಂಬ ಹಾಯಿಹಡಗು ಹತ್ತಿ ಅಮೆರಿಕಕ್ಕೆ ಹೊರಟಿದ್ದಳು. ದಾರಿಯಲ್ಲಿ ದಡಾರ ಬಂದು ಆರು ತಿಂಗಳ ತಂಗಿ ಸತ್ತಿತು. ಅದನ್ನು ಸಮುದ್ರಕ್ಕೆ ಬಿಡುವಾಗ ಯಾರಾದರೂ ಪ್ರಾರ್ಥನೆ ಹಾಡಿದರೇ ಎಂದು ಅಜ್ಜಿ ಸಾಯುವವರೆಗೂ ಕೇಳುತ್ತಿದ್ದಳಂತೆ. ಈಗ ಹಾಸಿಗೆ ಹಿಡಿದಿರುವ ನನ್ನ ತಾಯಿಯೂ ಅದನ್ನೇ ಕೇಳುತ್ತಿದ್ದಾರೆ, ದಯವಿಟ್ಟು ನೋಡಿ ಹೇಳಿ ಎಂದಿತ್ತು ಕಾಗದ.

ಮುಂದೆ ಜರ್ಮನ್ನರಿಗೆ ಮಾರಾಟವಾದ ಆ ಹಡಗಿನ ದಿನಚರಿ ಆರ್ಕೈವ್‌ನಲ್ಲೇ ಇತ್ತು. ಸುಶೀಲಮ್ಮ ಗಂಡನನ್ನು ಕರೆದೊಯ್ದು ಆ ಪುಟ ತೋರಿಸಿ ಪದ ಪದವಾಗಿ ಬಿಡಿಸಿ ಹೇಳಿದ್ದರು. ಕಪ್ತಾನ ಬರೆದದ್ದು ಒಂದೇ ಸಾಲು: ಸತ್ತ ಕೂಸನ್ನು ತಾಯಿ ಮೂರು ದಿನ ಹೊದಿಕೆಯಲ್ಲಿ ಬಚ್ಚಿಟ್ಟಿದ್ದಳು, ವಾಸನೆ ಬಂದ ಮೇಲೆ ಬಲವಂತವಾಗಿ ಕಿತ್ತು ಸಮುದ್ರಕ್ಕೆ ಎಸೆಯಲಾಯಿತು. ಕೂಸಿನ ಹೆಸರಿರಲಿಲ್ಲ.

ಮರುದಿನ ಅಡುಗೆಮನೆಯ ಮೇಜಿನ ಮೇಲಿದ್ದ ಉತ್ತರವನ್ನು ಹನುಮಂತರಾಯರು ಓದಿದರು. ಹಡಗು ನಿಲ್ಲಿಸಿದರು, ಬಾವುಟ ಇಳಿಸಿದರು, ಎಲ್ಲರೂ ಸೇರಿ ಹಾಡಿದರು ಎಂದಿತ್ತು.

“ಇದು ಸುಳ್ಳಲ್ವೇನೇ?”

“ಹೂಂ.”

“ಇಷ್ಟು ವರ್ಷ ಇದ್ದದ್ದನ್ನ ಇದ್ದ ಹಾಗೆ ಬರೆದೋಳು ನೀನು.”

“ಆಕೆಗೆ ತೊಂಬತ್ನಾಲ್ಕು ವರ್ಷ ರೀ. ಕಣ್ಣು ಮುಚ್ಚೋ ಹೊತ್ತಲ್ಲಿ ಅದನ್ನ ಓದಿಸಲಾ?”

ಲೋಹದ ಪರೀಕ್ಷೆಯ ವರದಿಯಲ್ಲಿ ಒಂದು ದಶಾಂಶವನ್ನೂ ತಿದ್ದದ ವಿಜ್ಞಾನಿ ಹನುಮಂತರಾಯರು. ಎರಡು ದಿನ ಹೆಂಡತಿಯೊಂದಿಗೆ ಮಾತಾಡಲಿಲ್ಲ.

ಕಳೆದ ತಿಂಗಳು ಆಸ್ಪತ್ರೆಯಲ್ಲಿ ಸುಶೀಲಮ್ಮ ತಾವಾಗಿಯೇ ಆ ಮಾತೆತ್ತಿದ್ದರು. “ಆಲ್ಮಾ ಬರ್ತಾರಂತೆ. ಅವರಮ್ಮ ಹೋಗಿಯಾಯ್ತು. ನಾನಿಲ್ದಿದ್ರೆ ನೀವೇ ನಿಜ ಹೇಳಿಬಿಡಿ. ನನಗೆ ಅದೊಂದು ಉಳಿದುಬಿಟ್ಟಿದೆ.”

ಹೇಳುತ್ತೇನೆಂದು ಅವರು ಮಾತು ಕೊಟ್ಟಿದ್ದರು.

*

“ಸ್ನಾನನೂ ಆಗಿಲ್ಲ, ಅಂಕಲ್,” ಎಂದ ಕಶ್ಯಪ್ ಕಾರು ಓಡಿಸುತ್ತ. “ಸೂತಕದಲ್ಲಿ ಇವತ್ತೇ ಆರ್ಕೈವ್‌ಗೆ ಹೋಗ್ಬೇಕಾ?”

“ಅವರ ಫ್ಲೈಟ್ ನಾಳೆ ಬೆಳಿಗ್ಗೆ.”

ಹಿಂದಿನ ಸೀಟಿನಿಂದ ಆಲ್ಮಾ ಒಂದು ಫೋಟೋ ಚಾಚಿದರು. ತಾಯಿಯ ಗೋರಿಕಲ್ಲು. ಅದರ ಕೆಳಭಾಗದಲ್ಲಿ ಸುಶೀಲಮ್ಮ ಬರೆದ ಮಾತುಗಳನ್ನೇ ಕೆತ್ತಿಸಿದ್ದರು.

“ಅಮ್ಮ ಅವರ ಕಾಗದವನ್ನು ಎದೆಯ ಮೇಲಿಟ್ಟುಕೊಂಡೇ ಹೋದರು,” ಎಂದರು.

ಕಶ್ಯಪ್ ಕನ್ನಡದಲ್ಲಿ ಮೆಲ್ಲಗೆ ಹೇಳಿದ: “ಅಂಕಲ್, ಆ ಪುಟ ನಾನು ಎಂಟ್ರಿ ಮಾಡಿದೀನಿ. ಅದ್ರಲ್ಲಿ ಹಾಡು ಗೀಡು ಏನೂ ಇಲ್ಲ.”

“ಗೊತ್ತಪ್ಪ.”

“ಹೇಳ್ತೀರಾ?”

ಹನುಮಂತರಾಯರು ಫೋಟೋವನ್ನು ತಿರುಗಿಸಿ ಹಿಂದಕ್ಕೆ ಕೊಟ್ಟರು.

ಆರ್ಕೈವ್‌ನಲ್ಲಿ ಸುಶೀಲಮ್ಮನ ಕುರ್ಚಿಯನ್ನು ಯಾರೋ ಗೋಡೆಗೆ ಸರಿಸಿದ್ದರು. ಸಹಾಯಕಿ ದಿನಚರಿಯನ್ನು ತಂದು ತೆರೆದಿಟ್ಟು ಹೋದಳು. ಕಂದಿದ ಶಾಯಿ, ಸುತ್ತಿಕೊಂಡ ಹಳೆಯ ಅಕ್ಷರ. ಆಲ್ಮಾಗೆ ಅದು ಓದಲು ಬಾರದು.

“ಎಲ್ಲಿದೆ?” ಎಂದರು.

ಆ ಸಾಲು ಹನುಮಂತರಾಯರಿಗೆ ಕಂಡಿತು. ಬಾಯಿ ತೆರೆದರು. ಮುಚ್ಚಳದ ಕೆಳಗೆ ಒಬ್ಬಳೇ ಕಾಯುತ್ತಿರುವ ಹೆಂಡತಿ ನೆನಪಾದಳು, ಕೊಟ್ಟ ಮಾತು ನೆನಪಾಯಿತು. ಬೆರಳು ಆ ಸಾಲನ್ನು ದಾಟಿ ಎರಡು ಸಾಲು ಕೆಳಗೆ ನಿಂತಿತು.

“ಇಲ್ಲಿ,” ಎಂದರು. “ಹಡಗು ನಿಲ್ಲಿಸಿದರು. ಬಾವುಟ ಇಳಿಸಿದರು.” ಬೆರಳನ್ನು ಸಾಲಿನ ಕೊನೆಯವರೆಗೆ ಎಳೆದರು. “ಎಲ್ಲರೂ ಸೇರಿ ಹಾಡಿದರು.”

ಕಶ್ಯಪ್ ಕಿಟಕಿಯ ಕಡೆ ತಿರುಗಿದ.

ಆಲ್ಮಾ ಕೈಗವಸು ಕಳಚಿ ಪುಟದ ಮೇಲೆ ಬಾಗಿದರು. ವಾಯವ್ಯದ ಗಾಳಿ ಜೋರು, ಮುಂದಿನ ಹಾಯಿ ಹರಿದಿದೆ ಎಂದು ಕಪ್ತಾನ ಬರೆದಿದ್ದ ಸಾಲಿನ ಮೇಲೆ, ಹೊಸದಾಗಿ ಅಕ್ಷರ ತಿದ್ದುವ ಮಗುವಿನಂತೆ, ತುಟಿ ಆಡಿಸುತ್ತ ಬೆರಳು ಎಳೆಯತೊಡಗಿದರು.