ನಾಗಲಿಂಗಯ್ಯನ ಅಳಿಯದ ವಿಭೂತಿ

ವಿಭೂತಿ ಹಚ್ಚದೆ ನಾಗಲಿಂಗಯ್ಯ ಹೊಸಿಲು ದಾಟಿದ್ದನ್ನು ಕೊಡಿಗೇನಹಳ್ಳಿಯಲ್ಲಿ ಕಂಡವರಿಲ್ಲ. ಹಚ್ಚಿದ ವಿಭೂತಿ ಮಧ್ಯಾಹ್ನದವರೆಗೆ ಅವನ ಹಣೆಯ ಮೇಲೆ ಉಳಿದದ್ದನ್ನೂ ಕಂಡವರಿಲ್ಲ. ಬಸ್ ಸ್ಟ್ಯಾಂಡಿನ ಎದುರು ಅವನದೊಂದು ದಿನಸಿ ಅಂಗಡಿ. ತಗಡಿನ ಮಾಡಿನ ಕೆಳಗೆ ಕೂತು ಒಂದು ಅಚ್ಚು ಬೆಲ್ಲ ಒಡೆಯುವಷ್ಟರಲ್ಲಿ ಮೂರೂ ಪಟ್ಟೆ ಬೆವರಿನ ಜೊತೆ ಹುಬ್ಬಿಗಿಳಿದು, ಅಲ್ಲಿಂದ ಕಣ್ಣಿಗಿಳಿದು, ಗಿರಾಕಿಗಳ ಮುಂದೆ ಅವನು ಅಳುತ್ತಾ ಸಾಮಾನು ಕಟ್ಟಬೇಕಾಗುತ್ತಿತ್ತು.

ಆ ಬೇಸಿಗೆಯಲ್ಲಿ ಅವನ ಅಣ್ಣನ ಮಗಳ ಮದುವೆ ಗೊತ್ತಾಯಿತು. ಪಾವಗಡದ ಕಡೆಯ ನೆಂಟರಿಗೆಲ್ಲ ಲಗ್ನಪತ್ರಿಕೆ ಹಂಚುವ ಕೆಲಸ ನಾಗಲಿಂಗಯ್ಯನ ಪಾಲಿಗೆ ಬಂತು. ದಿನಾ ಬೆಳಗ್ಗೆ ಮೊಪೆಡ್ ಹತ್ತಿ ಹೊರಟರೆ ವೈ.ಎನ್.ಹೊಸಕೋಟೆ, ಕ್ಯಾತಗಾನಚೆರ್ಲು ಎಂದು ಸುತ್ತಿ ದೀಪ ಹಚ್ಚುವ ಹೊತ್ತಿಗೆ ಮನೆ. ಬಿಸಿಲೋ, ಸೋಲಾರ್ ತಗಡು ಹಾಸಿ ಕರೆಂಟು ತೆಗೆಯುವಂಥ ಬಿಸಿಲು.

"ಹೆಲ್ಮೆಟ್ಟಾದರೂ ಹಾಕ್ಕೊಳ್ರೀ" ಎಂದಳು ಹೆಂಡತಿ ಸರೋಜಮ್ಮ.

"ಮದುವೆಗೆ ಕರೆಯೋಕೆ ಹೋಗೋನು ಹಣೆ ಮುಚ್ಕೊಂಡು ಹೋಗ್ತಾನೇನೇ? ವಿಭೂತಿ ಅಳಿಸಿ ಹೋಗಲ್ವಾ?" ಎಂದು ಹೊರಟೇಬಿಟ್ಟ.

ಪತ್ರಿಕೆಗಳೆಲ್ಲ ಮುಗಿದ ದಿನ ಸಂಜೆ ಬಂದವನು ಕಾಲು ತೊಳೆಯುವುದಕ್ಕೂ ಮುಂಚೆ ಹಿಗ್ಗಿಹೋಗಿದ್ದ. "ಲೋಹಿತಾ ತಂದಿಟ್ಟ ವಿಭೂತಿ ಏನ್ ವಿಭೂತಿ ಕಣೇ! ದಿನಾ ಬೆಳಗ್ಗೆ ಹಚ್ಚಿದ್ದು ಸಂಜೆಗಂಟ ಜಪ್ಪಯ್ಯ ಅನ್ನಲ್ಲ. ಕಲಸೋದೂ ಬೇಡ, ಒದ್ದೆಯಾಗೇ ಐತೆ. ಗಮ್ ಅಂತೈತೆ."

ಸರೋಜಮ್ಮನ ಕೈಯಲ್ಲಿದ್ದ ಲಟ್ಟಣಿಗೆ ಅಲ್ಲೇ ನಿಂತಿತು. ತುಮಕೂರಿನಲ್ಲಿ ಓದುವ ಮಗಳು ಲೋಹಿತಾ ಕಳೆದ ಸಲ ಬಂದಾಗ ಅಮ್ಮನಿಗೊಂದು ಸನ್‌ಸ್ಕ್ರೀನ್ ಟ್ಯೂಬು ತಂದುಕೊಟ್ಟಿದ್ದಳು. ಮಾಳಿಗೆಯ ಮೇಲೆ ಹಪ್ಪಳ ಒಣಗಿಸಿ ಒಣಗಿಸಿ ಸರೋಜಮ್ಮನ ಕೆನ್ನೆಗೆ ಬಂಗು ಬಂದಿತ್ತು. ಟ್ಯೂಬಿನ ಮೇಲಿನ ಬೆಲೆ ಗಂಡನ ಕಣ್ಣಿಗೆ ಬೀಳಬಾರದೆಂದು ಸರೋಜಮ್ಮ ಒಂದಿಷ್ಟನ್ನು ಹಿತ್ತಾಳೆಯ ಭರಣಿಗೆ ಹಿಂಡಿ, ಟ್ಯೂಬನ್ನು ರಾಗಿ ಡ್ರಮ್ಮಿನಲ್ಲಿ ಹೂತಿದ್ದಳು. ಭರಣಿಯನ್ನು ಇಟ್ಟದ್ದು ಕನ್ನಡಿಯ ಪಕ್ಕ. ಆ ಮನೆಯಲ್ಲಿ ಇದ್ದದ್ದು ಒಂದೇ ಕನ್ನಡಿ, ಅದೂ ದೇವರ ಗೂಡಿನ ಪಕ್ಕ.

"ಅದು ವಿಭೂತಿ ಅಲ್ಲ ಕಣ್ರೀ, ಕ್ರೀಮು. ಮೊದ್ಲು ಮುಖ ತೊಳ್ಕೊಂಡು ಬನ್ನಿ" ಎಂದಳು.

ಅವನು ಬಚ್ಚಲಿಗೆ ಹೋಗಿ ಸೋಪು ಹಾಕಿ ಉಜ್ಜಿ ಬಂದ. ಕ್ರೀಮು ಹೋಗಿತ್ತು. ಪಟ್ಟೆಗಳು ಹೋಗಿರಲಿಲ್ಲ. ಮುಖವೆಲ್ಲ ಹುರಿದ ಕಡಲೆಬೀಜದ ಸಿಪ್ಪೆಯ ಬಣ್ಣಕ್ಕೆ ತಿರುಗಿ, ಹಣೆಯ ಮೇಲೆ ಮಾತ್ರ ಮೂರು ಬೆಳ್ಳನೆಯ ಗೆರೆ, ದಾರ ಹಿಡಿದು ಎಳೆದಂತೆ.

ಸರೋಜಮ್ಮ ಬಾಯಿ ತೆರೆಯುವಷ್ಟರಲ್ಲಿ, ಮೊಸರಿಗೆ ಹೆಪ್ಪು ಕೇಳಲು ಬಂದ ಪಕ್ಕದ ಮನೆಯ ಕಮಲಾಕ್ಷಮ್ಮ ಬಾಗಿಲಲ್ಲೇ ನಿಂತು ನೋಡಿದಳು. ತೊಳೆದ ಮುಖ, ಕೈಯಲ್ಲಿ ಟವಲ್ಲು, ಹಣೆಯಲ್ಲಿ ತೊಳೆದರೂ ಹೋಗದ ವಿಭೂತಿ! ಲೋಟ ಕೆಳಗಿಟ್ಟು ಅಡ್ಡಬಿದ್ದೇಬಿಟ್ಟಳು.

ಮಾರನೆಯ ದಿನ ಜಗಲಿಯ ಮುಂದೆ ಜನ ಸೇರಿದರು. ಹಿಂದೂಪುರದ ಬಸ್ಸು ಮನೆಯ ಮುಂದೆ ನಿಧಾನವಾಯಿತು. ಕಿಟಕಿಯಿಂದ ಒಬ್ಬಾಕೆ "ಏಮಿ ಮಹಿಮ ಸ್ವಾಮಿ!" ಎಂದು ಕೈ ಮುಗಿದಳು. ನಾಗಲಿಂಗಯ್ಯ ಮೊದಲು ನಾಚಿದ, ಆಮೇಲೆ ಕೈ ಎತ್ತಿ ಹರಸಿದ. ಅಂಗಡಿಯ ಬೀಗ ತೆಗೆಯಲಿಲ್ಲ. ಎರಡು ದಿನ ಹೋಗುವಷ್ಟರಲ್ಲಿ ಅವನ ಮಾತೇ ಬದಲಾಯಿತು. ಕಾಫಿಗೆ ಸಕ್ಕರೆ ಕಮ್ಮಿಯಾದರೆ ಬೀದಿಗೆ ಕೇಳುವಂತೆ ಕೂಗುತ್ತಿದ್ದವನು ಈಗ "ಸಿಹಿಯೇನು, ಕಹಿಯೇನು" ಎಂದು ಕಣ್ಣು ಮುಚ್ಚಿ ಕುಡಿಯುತ್ತಿದ್ದ. ಸರೋಜಮ್ಮ ಬೇಕೆಂದೇ ಸಕ್ಕರೆ ಹಾಕದೆ ಕೊಟ್ಟು ನೋಡಿದಳು. ಅದನ್ನೂ ಕುಡಿದ.

"ಬರೋ ಸೋಮವಾರ ಅಂಗಡಿ ಅಣ್ಣನಿಗೆ ಒಪ್ಪಿಸ್ಬುಟ್ಟು ಗುಡ್ಡದ ಮಂಟಪದಲ್ಲಿ ಕೂತ್ಕೋತೀನಿ" ಎಂದ ಒಂದು ರಾತ್ರಿ ಊಟದ ಹೊತ್ತಿಗೆ. "ಸಂಸಾರ ಸಾಕು. ಕರೆ ಬಂದೈತೆ."

"ಕರೆ ಬಂದಿರೋದು ಕ್ರೀಮಿಂದ ಕಣ್ರೀ."

"ಶಿವ ಬರೆದ ಗುರುತನ್ನ ಕ್ರೀಮು ಅಂತೀಯಾ? ಪಾಪ, ಅಜ್ಞಾನ" ಎಂದು ಅವಳ ತಲೆ ಸವರಿದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ತಲೆ ಸವರಿದ್ದನ್ನು ತಡೆಯಲಾಗಲಿಲ್ಲ.

ರಾಗಿ ಡ್ರಮ್ಮಿನಿಂದ ಟ್ಯೂಬು ತೆಗೆದುಕೊಂಡು ಹಿತ್ತಿಲಿಗೆ ಹೋಗಿ ಮಗಳಿಗೆ ಫೋನು ಮಾಡಿದಳು. ಲೋಹಿತಾ ಮೊದಲು ಕೆಮ್ಮು ಬರುವ ತನಕ ನಕ್ಕಳು.

"ನಗಬೇಡ ಕಣಮ್ಮ. ಅದರಲ್ಲಿ ಏನೇನ್ ಹಾಕವ್ರೆ ಹೇಳು. ಮೊದ್ಲನೇದು ಏನೋ ಆಕ್ವಾ ಅಂತ ಐತೆ."

"ನೀರಮ್ಮ. ಯಾವುದು ಜಾಸ್ತಿ ಐತೋ ಅದನ್ನ ಮೊದ್ಲು ಬರೀತಾರೆ."

"ನೀರಿಗೆ ಇಷ್ಟು ಬೆಡಗಿನ ಹೆಸರಾ? ಆಮೇಲೆ ಜಿಂಕು?"

"ಜಿಂಕ್ ಆಕ್ಸೈಡ್. ಬಿಳೀ ಪುಡಿ. ಅದೇ ಬಿಸಿಲನ್ನ ತಡೆಯೋದು. ಅದಿದ್ದ ಜಾಗ ಕಪ್ಪಾಗಲಿಲ್ಲ, ಸುತ್ತ ಎಲ್ಲ ಕಪ್ಪಾಯ್ತು. ಅಷ್ಟೇ ನಮ್ಮಪ್ಪನ ಮಹಿಮೆ."

"ಗ್ಲಿಸರಿನ್ನು?"

"ಚರ್ಮದಲ್ಲಿ ನೀರು ಹಿಡಿದಿಡುತ್ತೆ. ನೀನು ಮಡಕೆಗೆ ಒದ್ದೆ ಗೋಣಿಚೀಲ ಸುತ್ತಲ್ವಾ, ತೇವ ಆರದಿರಲಿ ಅಂತ, ಅಂಗೆ ಅನ್ಕೋ. ಇನ್ನೊಂದು ನಿಯಾಸಿನಮೈಡ್. ಕಲೆ ತಿಳಿಯಾಗ್ಲಿ ಅಂತ ಹಾಕೋದು. ಅದೊಂದು ಬಿ ವಿಟಮಿನ್ನು. ಕಡಲೆಕಾಯಲ್ಲೂ ಅದರ ನೆಂಟ ಇರ್ತಾನೆ."

"ಅಯ್ಯೋ, ಕಡಲೆಕಾಯಿ ಮನೇಲಿ ಮೂಟೆಗಟ್ಲೆ ಬಿದ್ದೈತಲ್ಲೇ! ರುಬ್ಬಿ ಹಚ್ಕೊಂಡಿದ್ರೆ ಆಗ್ತಿತ್ತು."

"ತಿನ್ನಮ್ಮ, ಹಚ್ಕೋಬೇಡ. ಇರುವೆ ಬರ್ತವೆ."

"ಇಲ್ಲೊಂದು ಹೈಲು... ಹೈಲುರಾನಿಕ್ ಆಸಿಡ್! ಲೋಹಿತಾ, ಬ್ಯಾಟರಿಗೆ ಹಾಕೋ ಆಸಿಡ್ಡು ಕಣೇ! ನಿಮ್ಮಪ್ಪನ ಹಣೆ!"

"ಹುಣಸೆಹಣ್ಣಲ್ಲೂ ಆಸಿಡ್ ಐತಮ್ಮ. ದಿನಾ ಸಾರಿಗೆ ಹಾಕ್ತೀಯಲ್ಲ, ನಾವೇನ್ ಕರಗಿ ಹೋದ್ವಾ? ಇದೂ ನೀರು ಹಿಡಿಯೋದೇ. ಹೆಸರು ನೋಡಿ ಹೆದರಬೇಡ."

ಅಂದು ರಾತ್ರಿ ಸರೋಜಮ್ಮ ಮಲಗಿ ಯೋಚಿಸಿದಳು. ತನ್ನ ಕೈ ಮೇಲೂ ಅಂಥದೇ ಗುರುತು ಮಾಡಿ ತೋರಿಸಿದರೆ ಇವರು ನಂಬಲೇಬೇಕು. ಆದರೆ ಪಟ್ಟೆ ಎಳೆದರೆ ಅದನ್ನೂ ಶಿವನೇ ಎಳೆದ ಎನ್ನುತ್ತಾರೆ. ಯಾವ ದೇವರೂ ಬರೆಯದಂಥದ್ದು ಬರೆಯಬೇಕು. ಬೆಲ್ಲ ಮಾರುವವನ ಹೆಸರನ್ನು ಶಿವ ಯಾಕೆ ಬರೆದಾನು?

ಬೆಳಗ್ಗೆ ಮಾಳಿಗೆಗೆ ಹತ್ತಿ, ಊದುಬತ್ತಿ ಕಡ್ಡಿಯನ್ನು ಕ್ರೀಮಿನಲ್ಲಿ ಅದ್ದಿ, ಎಡಗೈಯ ಮೇಲೆ ಗಂಡನ ಹೆಸರು ಬರೆದಳು. ಮದುವೆಯಾದಾಗಿನಿಂದ ಬಾಯಲ್ಲಿ ಹೇಳದ ಹೆಸರು, ಬರೆಯುವಾಗಲೂ ಒಮ್ಮೆ ಅತ್ತಿತ್ತ ನೋಡಿದಳು. ಮಣಿಕಟ್ಟಿನಿಂದ ಶುರುವಾದ 'ನಾಗಲಿಂಗಯ್ಯ' ಮೊಣಕೈ ಮುಟ್ಟಿ ಕೊನೆಯ ಅಕ್ಷರ ಆಚೆಗೆ ಬಾಗಿತು. ಹಪ್ಪಳದ ಪಕ್ಕ ತಾನೂ ಒಂದು ಹಪ್ಪಳದಂತೆ ಕೈ ಚಾಚಿ ಕೂತಳು. ದಿನಾ ಬೆಳಗ್ಗೆ ಅದೇ ಅಕ್ಷರದ ಮೇಲೆ ಮತ್ತೆ ತಿದ್ದಿದಳು, ಒಂದನೇ ಕ್ಲಾಸಿನ ಮಗುವಿನ ಹಾಗೆ.

ಭಾನುವಾರ ತೊಳೆದು ನೋಡಿದರೆ ಹೆಸರು ಎದ್ದು ನಿಂತಿತ್ತು. ಗಂಡನನ್ನು ಒಳಗೆ ಕರೆದು ತೋರಿಸಬೇಕೆಂದು ಸೆರಗಿನಲ್ಲಿ ಕೈ ಮುಚ್ಚಿಕೊಂಡು ಜಗಲಿಗೆ ಬಂದಳು. ಅಲ್ಲಿ ಜನ. ಕಮಲಾಕ್ಷಮ್ಮ "ಇದೇನೇ ಸರೋಜಾ, ಕೈಗೆ ಏನಾಯ್ತು?" ಎಂದು ಸೆರಗು ಎಳೆದೇಬಿಟ್ಟಳು.

ಜಗಲಿಯಲ್ಲಿದ್ದವರೆಲ್ಲ ಅವಳ ಕೈ ಮೇಲೆ ಬಗ್ಗಿದರು.

"ಗಂಡನ ಹೆಸರು! ತಾನಾಗೇ ಮೂಡೈತೆ!"

"ಮೂಡಿಲ್ಲ ಕಣಮ್ಮ, ನಾನೇ ಬರೆದದ್ದು, ಸನ್‌ಸ್ಕ್ರೀನಲ್ಲಿ..."

"ನೋಡಿ, ಎಷ್ಟು ವಿನಯ!" ಎಂದು ಕಮಲಾಕ್ಷಮ್ಮ ಕಣ್ಣೊರೆಸಿಕೊಂಡಳು.

ಊರಿನ ಹಿರಿಯ ಸಿದ್ದಗಂಗಯ್ಯ ಕನ್ನಡಕ ಏರಿಸಿ ಕೈ ನೋಡಿದ, ಹಣೆ ನೋಡಿದ, ಮತ್ತೆ ಕೈ ನೋಡಿದ. ಆಮೇಲೆ ನ್ಯಾಯ ಹೇಳುವ ದನಿಯಲ್ಲಿ ಶುರುಮಾಡಿದ. "ಲೋ ನಾಗಲಿಂಗ, ನಿಂಗೆ ಶಿವ ಬರೀ ಗೆರೆ ಎಳೆದವ್ನೆ. ಇವಳಿಗೆ ಅಕ್ಷರಾನೇ ಬರೆದವ್ನೆ. ಗೆರೆ ದೊಡ್ಡದೋ, ಅಕ್ಷರ ದೊಡ್ಡದೋ? ಈ ತಾಯಿ ನಿನಗಿಂತ ಒಂದು ಕೈ ಮೇಲೆ ಕಣ್ಲಾ. ಪಾದಪೂಜೆ ಆಗ್ಬೇಕು. ಮೊದಲ ಚೆಂಬು ನೀರು ನಿಂದೇ."

ಕಮಲಾಕ್ಷಮ್ಮ ಆಗಲೇ ತಟ್ಟೆ ತರಲು ಓಡಿದ್ದಳು. ಯಾರೋ ನಾಗಲಿಂಗಯ್ಯನನ್ನು ಮಣೆಯಿಂದ ಎಬ್ಬಿಸಿ ಸರೋಜಮ್ಮನನ್ನು ಕೂರಿಸಿದರು. ಅವನು ಹೆಂಡತಿಯ ಕಾಲು ನೋಡಿದ. ಅವಳ ಕೈ ನೋಡಿದ. ಊರಿನ ಮುಖ ನೋಡಿದ.

"ಲೇ ಸರೋಜಾ, ಆ ಟ್ಯೂಬು ಎಲ್ಲಿಟ್ಟಿದ್ದೀಯೇ?"

"ರಾಗಿ ಡ್ರಮ್ಮಲ್ಲಿ."

ಒಳಗೆ ಡ್ರಮ್ಮು ಉರುಳಿದ ಸದ್ದಾಯಿತು. ಮೊಣಕೈತನಕ ರಾಗಿ ಮೆತ್ತಿಕೊಂಡು ಟ್ಯೂಬು ಎತ್ತಿ ಹಿಡಿದು ಬಂದ ನಾಗಲಿಂಗಯ್ಯ. ಪೊಟ್ಟಣಗಳ ಹಿಂದಿನ ಸಣ್ಣ ಅಕ್ಷರ ಓದುವುದು ಅವನ ಕಸುಬು. ಗಂಟಲು ಸರಿಮಾಡಿಕೊಂಡು ಓದಿದ. "ಕೇಳ್ರಪ್ಪಾ! ಆಕ್ವಾ!"

ಕಮಲಾಕ್ಷಮ್ಮ ಕೈ ಮುಗಿದಳು.

"ಜಿಂಕ್ ಆಕ್ಸೈಡ್!"

"ನಮಃ" ಎಂದರು ಹಿಂದಿನ ಸಾಲಿನವರು.

"ನಮಃ ಅಲ್ಲ ಕಣ್ರೋ! ಇದು ಮಂತ್ರ ಅಲ್ಲ, ಕ್ರೀಮಿಗೆ ಹಾಕಿರೋ ಸಾಮಾನು! ಈ ಜಿಂಕು ಬಿಸಿಲು ತಡೆಯುತ್ತಂತೆ. ಇವಳ ಕೈ ಮೇಲೆ ಇರೋದು ಮಹಿಮೆ ಅಲ್ಲ, ಇದು!"

"ಅಂಗಾದ್ರೆ ನಿನ್ನ ಹಣೆ?" ಸಿದ್ದಗಂಗಯ್ಯ ಮೆಲ್ಲಗೆ ಕೇಳಿದ.

ನಾಗಲಿಂಗಯ್ಯ ಟ್ಯೂಬನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಕಮಲಾಕ್ಷಮ್ಮನ ಕೈಯಲ್ಲಿ ತಟ್ಟೆ ಕಾಯುತ್ತಿತ್ತು.

"ಅದೂ ಇದೇ" ಎಂದ ಕೊನೆಗೆ.

ಗಂಡಸರು ಒಬ್ಬೊಬ್ಬರಾಗಿ ಚಪ್ಪಲಿ ಹುಡುಕಿಕೊಂಡರು. ಹೆಂಗಸರು ಹೋಗಲಿಲ್ಲ. ಟ್ಯೂಬು ಕೈಯಿಂದ ಕೈಗೆ ಹೋಗಿ, "ಬಂಗಿಗೆ ಆಗುತ್ತಾ?", "ಇದು ಮಧುಗಿರೀಲಿ ಸಿಕ್ಕುತ್ತಾ?" ಎಂಬ ವಿಚಾರಣೆ ಬಹಳ ಹೊತ್ತು ನಡೆಯಿತು.

ಎಲ್ಲರೂ ಹೋದ ಮೇಲೆ ನಾಗಲಿಂಗಯ್ಯ ಅಡುಗೆಮನೆಯ ಗೋಡೆಗೆ ಒರಗಿ ಕೂತ. ಸರೋಜಮ್ಮ ಕಾಫಿ ಕೊಟ್ಟಳು. ಒಂದು ಗುಟುಕು ಕುಡಿದವನೇ, "ಏನಿದು, ಸಕ್ಕರೆ ಹಾಕೋಕೆ ಕೈ ನೋಯ್ತಿತ್ತಾ?" ಎಂದು ಬೀದಿಗೆ ಕೇಳುವಂತೆ ಕೂಗಿದ.

ಸರೋಜಮ್ಮ ಸೆರಗಿನಿಂದ ಬಾಯಿ ಮುಚ್ಚಿ ನಕ್ಕಳು. ಸಕ್ಕರೆ ಹಾಕಿ ಕೊಟ್ಟಳು, ಒಂದು ಚಮಚ ಜಾಸ್ತಿಯೇ.

"ಈ ಮೂತಿ ಹೊತ್ಕೊಂಡು ಅಂಗಡೀಲಿ ಹೆಂಗೇ ಕೂರೋದು?" ಅವನ ದನಿ ಇಳಿದಿತ್ತು.

"ಬಿಸಿಲೇ ಬರೆದದ್ದು, ಬಿಸಿಲೇ ಅಳಿಸಲಿ. ನಾಳೆ ಹೊರಡೋ ಮುಂಚೆ ನನ್ನ ಮುಂದೆ ಕೂತ್ಕೊಳ್ಳಿ."

ಸೋಮವಾರ ಬೆಳಗ್ಗೆ ಅಂಗಡಿಗೆ ಹೊರಡುವ ಮುಂಚೆ ಅವನು ಹೊಸಿಲ ಮೇಲೆ ಕಣ್ಣು ಮುಚ್ಚಿ ಕೂತ. ಸರೋಜಮ್ಮ ಅವನ ಗದ್ದ ಹಿಡಿದು, ನಾಲಿಗೆ ಕಚ್ಚಿಕೊಂಡು, ಮೂರು ಪಟ್ಟೆಗಳನ್ನು ಮಾತ್ರ ಬಿಟ್ಟು ಉಳಿದ ಮುಖಕ್ಕೆಲ್ಲ ಕ್ರೀಮು ಹಚ್ಚಿದಳು.

"ಅಲ್ಲಾಡಬೇಡಿ, ಗೆರೆ ಮೇಲೆ ಹೋಗುತ್ತೆ."

"ಕಚಗುಳಿ ಆಗುತ್ತೆ ಕಣೇ" ಎಂದ ನಾಗಲಿಂಗಯ್ಯ.