ಕುಡಿಯದವನ ತೂರಾಟ

ಶಿವರಾಮು ಮದ್ದೂರಿನ ಒಂದು ಪ್ರೌಢಶಾಲೆಯಲ್ಲಿ ಗಣಿತದ ಮೇಷ್ಟ್ರು. ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ ಇತ್ತು. ಹೆಂಡ ಮುಟ್ಟಿದವನಲ್ಲ, ಅಪ್ಪ ಕುಡಿದು ಸತ್ತದ್ದನ್ನು ಕಂಡಿದ್ದ.

ಮಳವಳ್ಳಿಯಲ್ಲಿ ಹೆಂಡತಿಯ ಅಣ್ಣ ಕೆಂಪಸಿದ್ದಯ್ಯನ ಮಗಳು ರಂಜಿತಳ ಮದುವೆ. ಊಟ ಮುಗಿಸಿ ಎದ್ದ ಶಿವರಾಮುವಿಗೆ ಕಣ್ಣು ಕತ್ತಲಿಟ್ಟಿತು. ತೂರಾಡಿ ಎದುರು ಪಂಕ್ತಿಯ ಎಲೆಗಳ ಮೇಲೆ ಬಿದ್ದ. ಕೆಂಪಸಿದ್ದಯ್ಯ ಎಲ್ಲರಿಗೂ ಕೇಳುವಂತೆ ಅಂದ:

“ನನ್ ಮಗಳ ಮದ್ವೇಗೂ ಕುಡ್ಕಂಡ್ ಬರ್ಬೇಕಿತ್ತಾ ಬಾವ?”

“ನಾ ಕುಡ್ದಿಲ್ಲ ಕಣ್ ಬಾವ” ಎಂದರೆ ಜನ ನಕ್ಕರು.

ಮಾತು ಮದ್ದೂರಿಗೂ ಬಂತು. ಮುಖ್ಯೋಪಾಧ್ಯಾಯರು ಅವನ ಉಸಿರು ಮೂಸಿ ನೋಡಿದರು. ಅಂದು ತರಗತಿಯಲ್ಲಿ ಅವನ ಕೈಯ ಸೀಮೆಸುಣ್ಣ ಸಿಟ್ಟಿಗೆ ಪುಡಿಯಾಯಿತು.

ಊರಿನ ಡಾಕ್ಟರು ಕುರ್ಚಿಯಲ್ಲಿ ಕೂರಿಸಿ ಬಿ.ಪಿ. ನೋಡಿ, “ಸರಿಯಾಗಿದೆ. ಬರೀ ಟೆನ್ಷನ್ನು” ಎಂದು ನಿದ್ದೆ ಮಾತ್ರೆ ಬರೆದರು.

ಹೆಂಡತಿ ಅರುಂಧತಿ ಸುಮ್ಮನಿರಲಿಲ್ಲ. “ಇವ್ರು ಬೀಳದು ಎದ್ದ್ ನಿಂತಾಗ ಸಾರ್. ಕೂರ್ಸಿ ನೋಡುದ್ರೆ ಏನ್ ಗೊತ್ತಾದದು?”

“ಡಾಕ್ಟರು ನೀವೋ ನಾನೋ?”

ಅವಳು ಚೀಟಿಯನ್ನು ಅಲ್ಲೇ ಮೇಜಿನ ಮೇಲೆ ಬಿಟ್ಟು, ಗಂಡನನ್ನು ಮಂಡ್ಯಕ್ಕೆ ಕರೆದೊಯ್ದಳು. ಅಲ್ಲಿನ ಡಾಕ್ಟರ್ ಗೌತಮಿ ಅವನನ್ನು ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಬಿ.ಪಿ. ನೋಡಿದರು. ನಿಂತಾಗ ಅದು ಸರ್ರನೆ ಇಳಿದಿತ್ತು.

“ನಾವು ಎದ್ದಾಗ ರಕ್ತನಾಳಗಳು ತಾವಾಗೇ ಬಿಗಿಯಾಗಬೇಕು. ಅದನ್ನು ಮಾಡಿಸೋ ನರಗಳನ್ನ ಸಕ್ಕರೆ ಕಾಯಿಲೆ ಹಾಳು ಮಾಡಿದೆ. ರಕ್ತ ಕಾಲಿಗಿಳಿದು ತಲೆ ಸುತ್ತುತ್ತೆ. ಪೂರ್ತಿ ವಾಸಿಯಾಗಲ್ಲ, ಹತೋಟೀಲಿ ಇಡಬಹುದು.”

“ಇಷ್ಟು ವರ್ಷ ತೋರಿಸ್ತಾನೇ ಇದ್ದೀನಲ್ಲ ಮೇಡಂ, ಒಬ್ಬರಾದ್ರೂ ನಿಲ್ಲಿಸಿ ನೋಡಬಾರದಿತ್ತಾ?” ಶಿವರಾಮು ಕೇಳಿದ. “ನೋಡಬೇಕಿತ್ತು” ಎಂದರು ಗೌತಮಿ.

ವಿಷಯ ತಿಳಿದು ಕೆಂಪಸಿದ್ದಯ್ಯ ಬಾಳೆಹಣ್ಣು ಹಿಡಿದು ಬಂದ. “ಗೊತ್ತಿರ್ನಿಲ್ಲ ಬಾವ. ಮರ್ತ್ಬುಡು.”

“ಅಂದಿದ್ದು ಊರೋರ್ ಮುಂದೆ. ಮರ್ತ್ಬುಡು ಅನ್ನಕೆ ಮಾತ್ರ ನನ್ ಮನೆಯೊಳಕ್ಕೆ ಬಂದಿದ್ದೀಯ.”

“ಇನ್ನೇನ್ ಮಾಡ್ಬೇಕು ಯೋಳು?”

“ನಕ್ಕೋರ್ ಮುಂದೇನೇ ಯೋಳು, ನಾ ಅಂದಿದ್ ತಪ್ಪು ಅಂತ.”

ಕೆಂಪಸಿದ್ದಯ್ಯ ತಂಗಿಯ ಕಡೆ ನೋಡಿದ. ಅರುಂಧತಿ ಹಣ್ಣಿನ ಚೀಲವನ್ನು ಎತ್ತಿ ಅವನ ಕೈಗೇ ಕೊಟ್ಟಳು.

“ಯೋಳುದ್ ಮೇಲೆ ತಕಂಡ್ ಬಾ ಅಣ್ಣ.”