ಕೂಲರಿನ ಸದ್ದಿನಲ್ಲಿ

ಬಾಗಿಲ ಸಂದಿಗೆ ತುರುಕಿದ ಟವೆಲ್ ಮತ್ತೆ ಸರಿದಿದೆ, ಅಲ್ಲಿಂದ ಒಂದೆಳೆ ಬಿಸಿಗಾಳಿ ನೇರ ನನ್ನ ಹಿಮ್ಮಡಿಗೆ ಬಂದು ತಾಗುತ್ತಿದೆ, ಹಿಮ್ಮಡಿ ಸುಡುತ್ತದೆ, ಮೂಗಿನ ತುದಿ ಮಾತ್ರ ಮರಗಟ್ಟಿದೆ, ಒಂದೇ ಮೈಗೆ ಎರಡು ಕಾಲ — ಎದ್ದು ಸರಿಮಾಡಬೇಕು, ಮಾಡುವುದಿಲ್ಲ, ಯಾವಾಗಲೂ ನಾನೇ ಏಕೆ, ಬಾಗಿಲ ಪಕ್ಕದ ಜಾಗ ನನ್ನದು ಅಂತ ತೀರ್ಮಾನ ಮಾಡಿದ್ದು ಯಾರು, ಯಾರೂ ಮಾಡಲಿಲ್ಲ, ತಾನೇ ಆಯಿತು, ಈ ಮನೆಯಲ್ಲಿ ಎಲ್ಲವೂ ತಾನೇ ಆಗುತ್ತದೆ. ಮಂಚದ ಮೇಲೆ ಅತ್ತೆ, ತಲೆಗೆ ಉಣ್ಣೆಯ ಟೋಪಿ, ಈ ಉರಿಬೇಸಿಗೆಯಲ್ಲಿ ಉಣ್ಣೆಯ ಟೋಪಿ, ಅವರ ಪಕ್ಕ ಬೋರಲು ಮಲಗಿ ಪುಸ್ತಕ ಓದುತ್ತಿರುವ ಮಗಳು, ಕೆಳಗೆ ಹಾಸಿಗೆಯಲ್ಲಿ ನಾನು, ಗೋಡೆಯ ಕಡೆ ಇವರು, ನನ್ನ ಗಂಡ, ಕಣ್ಣು ಮುಚ್ಚಿದ್ದಾರೆ, ನಿದ್ದೆ ಬಂದಿದೆಯೋ ಇಲ್ಲವೋ ದೇವರಿಗೇ ಗೊತ್ತು. ಭಾನುವಾರದ ಮಧ್ಯಾಹ್ನ, ಬೀದಿಯಲ್ಲಿ ಒಂದು ನರಪಿಳ್ಳೆ ಇಲ್ಲ, ಮೂರು ಕೋಣೆಯ ಮನೆಯಲ್ಲಿ ಎರಡು ಕೋಣೆ ಭಣಭಣ ಅನ್ನುತ್ತಿವೆ, ನಾವೆಲ್ಲ ಬೆಂಕಿಪೊಟ್ಟಣದ ಕಡ್ಡಿಗಳ ಹಾಗೆ ಇಲ್ಲಿ, ಏಕೆಂದರೆ ಎ.ಸಿ. ಇರುವುದು ಇಲ್ಲಿ. ಸಂಜೆ ನಮ್ಮ ಲ್ಯಾಬಿನ ಡಾಕ್ಟರಮ್ಮ ಫೋನ್ ಮಾಡುತ್ತಾರೆ. ಇನ್ನೂ ಇವರಿಗೆ ಹೇಳಿಲ್ಲ. ಹೇಳುವುದೆಲ್ಲಿ, ಮಂಚದ ಮೇಲೆ ಹಾಳೆ ತಿರುವಿದರೂ ಕೇಳುತ್ತದೆ, ಅತ್ತೆ ಉಗುಳು ನುಂಗಿದರೂ ಕೇಳುತ್ತದೆ, ಇಲ್ಲಿ ಪಿಸುಗುಟ್ಟುವುದೂ ಒಂದೇ, ಡಂಗುರ ಹೊಡೆಯುವುದೂ ಒಂದೇ.

ವಾರವಿಡೀ ಹೇಳಲು ನೋಡಿದೆ. ರೀ, ಒಂದು ಮಾತಿತ್ತು. ಹೂಂ, ಆಮೇಲೆ. ಬೆಳಿಗ್ಗೆ ಶೂ ಹಾಕಿಕೊಳ್ಳುವಾಗ ಆಮೇಲೆ, ಸಂಜೆ ಬಂದು ಬಟ್ಟೆ ಬದಲಿಸುವಾಗ ಆಮೇಲೆ, ಆಮೇಲೆ ಅಂದರೆ ಎ.ಸಿ. ಕೋಣೆ, ಎ.ಸಿ. ಕೋಣೆ ಅಂದರೆ ಅತ್ತೆ, ಮಗಳು, ಮುಗಿಯಿತು. ರೈಲು ನಿಲ್ದಾಣದ ವಿಚಾರಣೆ ಕೌಂಟರಿನಲ್ಲಿ ಕೂರುವ ಮನುಷ್ಯ ಇವರು, ಗಾಜಿನ ತೂತಿನಾಚೆಯಿಂದ ಯಾರು ಬಂದು ಏನು ಕೇಳಿದರೂ ಉತ್ತರ ಕೊಡುತ್ತಾರೆ, ಗಾಡಿ ಎಷ್ಟು ಹೊತ್ತಿಗೆ, ಯಾವ ಪ್ಲಾಟ್‌ಫಾರ್ಮ್, ಏಕೆ ತಡ, ಊರವರ ಪ್ರಶ್ನೆಗೆಲ್ಲ ಉತ್ತರ ಕೊಟ್ಟು ಬಾಯಿ ಒಣಗಿಸಿಕೊಂಡು ಮನೆಗೆ ಬರುತ್ತಾರೆ, ನನ್ನ ಪಾಲಿಗೆ ಉಳಿಯುವುದು ಆ ಒಣ ಬಾಯಿ. ಡಾಕ್ಟರಮ್ಮನದು ನೇರ ಮಾತು. ನಾನು ಅವರ ಲ್ಯಾಬಿನಲ್ಲಿ ಕಟ್ಟುಹಲ್ಲು ಮಾಡುತ್ತೇನೆ, ಮೇಣದಲ್ಲಿ ಕೂರಿಸಿ, ಕಚ್ಚಿದರೆ ಸರಿಯಾಗಿ ಕೂರುತ್ತದೆಯೇ ನೋಡಿ, ಕೆರೆದು, ನಯ ಮಾಡಿ, ಈ ಊರಿನಲ್ಲಿ ನಗುವ ಮುದುಕರಲ್ಲಿ ಅರ್ಧ ಜನ ನನ್ನ ಕೈಯಿಂದ ನಗುತ್ತಾರೆ. ಸಮುದ್ರದ ಕಡೆ ಊರಲ್ಲಿ ಹೊಸ ಲ್ಯಾಬ್ ತೆಗೀತಿದೀನಿ, ನೀನೇ ನೋಡ್ಕೋಬೇಕು, ಭಾನುವಾರ ಸಂಜೆ ಫೋನ್ ಮಾಡ್ತೀನಿ, ಹೂಂ ಅನ್ನು ಇಲ್ಲ ಊಹೂಂ ಅನ್ನು, ನೋಡೋಣ ಮೇಡಂ ಅಂತ ಮಾತ್ರ ಅನ್ಬೇಡ, ಅಂದಿದ್ದಾರೆ. ನನಗೆ ಆಸೆಯಿದೆ. ಇದೆ, ಸುಳ್ಳೇಕೆ ಹೇಳಲಿ, ಬೋರ್ಡಿನ ಮೇಲೆ ನನ್ನ ಹೆಸರು ಇಲ್ಲದಿದ್ದರೂ ಬಾಗಿಲ ಬೀಗದ ಕೈ ನನ್ನ ಹತ್ತಿರ ಇರುತ್ತದೆ. ಇವರು ಹೋಗು ಅಂದರೆ ಹೋಗುತ್ತೇನೆ, ಬೇಡ ಅಂದರೆ ಜಗಳವಾಡುತ್ತೇನೆ, ನಾವೂ ಬರ್ತೀವಿ ಅಂದರೆ, ಅಂದರೆ ಏನು ಮಾಡುತ್ತೇನೋ ಗೊತ್ತಿಲ್ಲ, ಬಹುಶಃ ಅತ್ತುಬಿಡುತ್ತೇನೆ. ಒಪ್ಪಿಗೆ ಕೇಳುತ್ತಿಲ್ಲ ನಾನು. ನಾನು ಹೋದರೆ ಈ ಮನುಷ್ಯನಿಗೆ ಏನಾದರೂ ಆಗುತ್ತದೆಯೇ, ಅದಷ್ಟೇ ಗೊತ್ತಾಗಬೇಕು.

ಕೂಲರ್ ಇದ್ದಿದ್ದರೆ ಹೇಳಿಯಾಗಿರುತ್ತಿತ್ತು. ನಡುಮನೆಯ ಕಿಟಕಿಗೆ ಬೆನ್ನು ಕೊಟ್ಟು ಕೂತಿದ್ದ ಆ ತಗಡಿನ ಡಬ್ಬ, ಹಾಕಿದರೆ ಹಿಟ್ಟಿನ ಗಿರಣಿಯ ಸದ್ದು, ಬಕೆಟ್ ಬಕೆಟ್ ನೀರು ಕುಡಿಯುತ್ತಿತ್ತು ರಾಕ್ಷಸ, ಆದರೆ ಮನೆಯಿಡೀ ತಂಪು, ಈ ಊರಿನ ಗಾಳಿಯೋ ಒಣಕಲು, ಒಗೆದ ಬಟ್ಟೆ ಹರವಿ ತಿರುಗುವಷ್ಟರಲ್ಲಿ ಗರಿಗರಿ, ಅಂಥ ಗಾಳಿಗೆ ಒಂದಿಷ್ಟು ಒದ್ದೆ ಹುಲ್ಲು ಅಡ್ಡ ಇಟ್ಟರೆ ಸಾಕು, ಬಾಲ ಮುದುರಿಕೊಂಡು ತಣ್ಣಗೆ ಒಳಗೆ ಬರುತ್ತದೆ. ಕಿಟಕಿ ತೆಗೆದಿರಬೇಕು, ಬಾಗಿಲು ತೆಗೆದಿರಬೇಕು, ಗಾಳಿ ಒಂದು ಕಡೆ ಬಂದು ಇನ್ನೊಂದು ಕಡೆ ಹೋಗಬೇಕು, ಎಲ್ಲರೂ ಎಲ್ಲೆಂದರಲ್ಲಿ ಇರಬಹುದಿತ್ತು, ಅತ್ತೆ ಒಳಕೋಣೆಯಲ್ಲಿ, ಮಗಳು ಅಡುಗೆಮನೆಯ ನೆಲದಲ್ಲಿ, ಕೂಲರಿನ ಮುಂದೆ ನಾವಿಬ್ಬರು, ಒದ್ದೆ ಹುಲ್ಲಿನ ವಾಸನೆ, ಮುಖಕ್ಕೆ ಸಣ್ಣ ಹನಿ, ಮತ್ತೆ ಆ ಸದ್ದು — ಆ ಸದ್ದೇ ನಮಗೆ ಗೋಡೆ, ಅದರೊಳಗೆ ಕೂತು ನಾವು ಏನು ಬೇಕಾದರೂ ಮಾತಾಡಬಹುದಿತ್ತು, ಅತ್ತೆಯ ಬಗ್ಗೆ ಕೂಡ. ಈಗ ಅದು ಬಾಲ್ಕನಿಯಲ್ಲಿ ಹುಲ್ಲು ಕಿತ್ತುಕೊಂಡು ಪಕ್ಕೆಲುಬು ಬಿಟ್ಟು ನಿಂತಿದೆ, ಅದರ ಹೊಟ್ಟೆಯಲ್ಲಿ ಚಪ್ಪಲಿ ಇಡುತ್ತೇವೆ. ನೀನು ದಿನವಿಡೀ ಲ್ಯಾಬಲ್ಲಿ ಎ.ಸಿ. ಕೆಳಗೆ ಕೂತಿರ್ತೀಯ, ನಮಗೆ ಬೇಡ್ವಾ, ಅಂದಿದ್ದರು ಇವರು, ಮದುವೆಯಾದ ಮೇಲೆ ನನ್ನ ಹತ್ತಿರ ಆಡಿದ ಅತಿ ಉದ್ದದ ವಾಕ್ಯ ಅದೇ ಇರಬೇಕು. ಲ್ಯಾಬಿಗೆ ಬೇಕೇ ಬೇಕು, ಸೆಕೆಗೆ ಮೇಣ ಸಡಿಲವಾದರೆ ಹಲ್ಲು ಕೂದಲೆಳೆಯಷ್ಟು ವಾಲುತ್ತದೆ, ಆಮೇಲೆ ಆ ಮುದುಕರು ಕಚ್ಚಿದ್ದೆಲ್ಲ ಸೊಟ್ಟ, ಅದು ಮೇಣದ ಕಥೆ, ಮನುಷ್ಯರು ಮೇಣವೇ? ಕೂಲರಿನದೇನು ಎಲ್ಲ ಸುಖವಲ್ಲ ಬಿಡು, ನೀರಿನ ಉಪ್ಪು ಕಟ್ಟಿ ಹುಲ್ಲು ಕಲ್ಲಾಗುತ್ತಿತ್ತು, ತೊಟ್ಟಿ ತೊಳೆಯದಿದ್ದರೆ ಸೊಳ್ಳೆ, ಮೋಡ ಕವಿದ ದಿನ ಹಾಕಿದರೆ ಮೈಯೆಲ್ಲ ಅಂಟಂಟು, ತೊಳೆಯುವವಳೂ ನಾನೇ, ನೀರು ಹೊರುವವಳೂ ನಾನೇ. ಆದರೂ. ಎ.ಸಿ. ಬಂದ ಹೊಸತರಲ್ಲಿ ಅತ್ತೆ ಹಟ ಹಿಡಿದು ಹೊರಗೆ ಕೂಲರ್ ಹಾಕುವುದು, ಇವರು ಒಳಗೆ ಎ.ಸಿ. ಹಾಕುವುದು, ನಡುವಿನ ಬಾಗಿಲು ತೆಗೆದಿರುವುದು, ದಿಂಬೆಲ್ಲ ಒದ್ದೆ, ಪೇಪರು ಜೋಲು, ನೋಡಲು ಬಂದ ಎ.ಸಿ. ಮೆಕ್ಯಾನಿಕ್ಕು ತಲೆ ಚಚ್ಚಿಕೊಂಡ, ಅಲ್ಲಮ್ಮಾ, ಅದು ಗಾಳಿಗೆ ನೀರು ಹಾಕುತ್ತೆ, ಇದು ಗಾಳಿಯಿಂದ ನೀರು ತೆಗೆಯುತ್ತೆ, ಎರಡಕ್ಕೂ ಜಗಳ ತಂದಿಟ್ಟು ನೀವು ಮಧ್ಯ ಮಲಗಿದೀರಲ್ಲ. ಆವತ್ತೇ ಕೂಲರಿಗೆ ಬಾಲ್ಕನಿ. ಆವತ್ತಿನಿಂದ ಬಾಗಿಲು ಹಾಕಮ್ಮಾ, ಬಾಗಿಲು ಹಾಕೇ, ಬಾಗಿಲು ಹಾಕಿದ್ಯಾ — ಕಿಟಕಿ ತೆಗಿ ಅನ್ನುತ್ತಿದ್ದ ಮನೆ ಬಾಗಿಲು ಹಾಕು ಅನ್ನುವ ಮನೆಯಾಯಿತು, ಆವತ್ತಿನಿಂದ ನಮ್ಮಿಬ್ಬರ ಮಾತೂ ನಿಂತುಹೋಯಿತು. ಎಲ್ಲ ಈ ಬಿಳಿ ಡಬ್ಬದ ದೆಸೆಯಿಂದ.

ಮಾತು ನಿಂತಿತು ಅಂದೆನಲ್ಲ, ಯಾವ ಮಾತು? ಒಂದಾದರೂ ನೆನಪು ಮಾಡಿಕೊ. ಹಲ್ಲು ಕಟ್ಟುವ ಕೆಲಸ ಕಲಿಯೋಕೆ ಸೇರ್ತೀನಿ ರೀ ಅಂದಿದ್ದು ಕೂಲರಿನ ಮುಂದೆಯೇ, ಹುಲ್ಲಿನಿಂದ ನೀರು ತೊಟತೊಟ ಇಳಿಯುತ್ತಿತ್ತು, ಇವರು ಕಿವಿಯ ಹತ್ತಿರ ಕೈ ಇಟ್ಟುಕೊಂಡು, ಏನು? ಕೇಳಿಸ್ಲಿಲ್ಲ. ಮತ್ತೆ ಹೇಳಿದೆ. ಕೂಲರ್ ಸದ್ದು, ಆಮೇಲೆ ಹೇಳು. ಆಮೇಲೆ ಸೇರಿಯೇಬಿಟ್ಟೆ, ಸೇರಿದ ಮೇಲೆ, ಹೌದಾ, ನೀನು ಹೇಳ್ಲೇ ಇಲ್ವಲ್ಲ. ಮಗಳ ಶಾಲೆ? ಏನು, ಕೇಳಿಸ್ಲಿಲ್ಲ. ನನ್ನ ತಮ್ಮನ ಮನೆಗೆ ಹೋಗುವುದು? ಕೇಳಿಸ್ಲಿಲ್ಲ. ಎರಡನೆಯ ಬಸಿರು ನಿಲ್ಲದೆ ಹೋಗಿ ಆಸ್ಪತ್ರೆಯಿಂದ ಬಂದ ವಾರ, ಹೊಟ್ಟೆಯೊಳಗೆಲ್ಲ ಬರೀ ಟೊಳ್ಳು, ಕೂಲರಿನ ಮುಂದೆ ಮಲಗಿದ್ದೆವು, ರೀ, ನನಗೆ ಅಳು ಬರ್ತಿದೆ ಅಂದೆ, ಏನು ಅಂದರು, ಅಳು ಬರ್ತಿದೆ ಅಂದೆ, ಹೂಂ, ಇನ್ನೇನು ತಣ್ಣಗಾಗುತ್ತೆ ಅಂದರು. ಸೆಕೆ ಅಂತ ಕೇಳಿಸಿರಬೇಕು ಪಾಪ ಅಂದುಕೊಂಡೆ ನಾನು, ಕೂಲರನ್ನು ಬೈದುಕೊಂಡೆ, ಆ ಸದ್ದಿಗೆ ಬೆಂಕಿ ಹಾಕ ಅಂತ ಬೈದುಕೊಂಡೆ. ಸ್ವಿಚ್ಚು ಎಲ್ಲಿತ್ತು? ಗೋಡೆಯಲ್ಲಿ, ಇವರ ತಲೆಯ ಹತ್ತಿರ, ಮಲಗಿದಲ್ಲಿಂದಲೇ ಕೈ ಚಾಚಿದರೆ ಸಿಗುತ್ತಿತ್ತು, ಸೆಕೆ ಕಡಿಮೆಯಾದರೆ ಮಲಗಿದಲ್ಲಿಂದಲೇ ಆರಿಸುತ್ತಿದ್ದರು, ನಾನೇ ನೋಡಿದ್ದೇನೆ. ಅಷ್ಟು ಬೇಸಿಗೆಯಲ್ಲಿ ಒಂದು ದಿನ, ಒಂದೇ ಒಂದು ದಿನ, ಅದನ್ನು ಆರಿಸಿ ನನ್ನ ಕಡೆ ತಿರುಗಿ ಈಗ ಹೇಳು ಅನ್ನಲಿಲ್ಲವಲ್ಲ! ಬೈಯುವುದಿಲ್ಲ, ಗದರುವುದಿಲ್ಲ, ಬೇಡ ಅನ್ನುವುದಿಲ್ಲ, ಬೇಕು ಅನ್ನುವುದೂ ಇಲ್ಲ, ಒಳ್ಳೆಯವರು ಒಳ್ಳೆಯವರು ಅಂತ ಊರೆಲ್ಲ ಹೊಗಳುತ್ತದೆ, ಒಳ್ಳೆಯ ಗೋಡೆಯ ಜೊತೆ ಸಂಸಾರ ಮಾಡಿದ್ದೇನೆ ನಾನು. ಪರದೆಯ ಅಂಚಿನ ಬಿಸಿಲು ಹಳದಿಗೆ ತಿರುಗಿದೆ, ಸಂಜೆಯಾಯಿತು. ಸುಮ್ಮನೆ ಬಿಳಿ ಡಬ್ಬದ ಮೇಲೆ ಹೊರಿಸಿದೆ, ಅದು ಪಾಪ, ಹುಶ್ ಅನ್ನುವುದು ಬಿಟ್ಟರೆ ಬಾಯಿ ಬಿಡುವುದಿಲ್ಲ, ಇಲ್ಲಿ ಕೇಳಿಸ್ಲಿಲ್ಲ ಅನ್ನಲು ಏನೂ ಇಲ್ಲ. ಇಲ್ಲ ತಾನೇ? ಹಾಗಾದರೆ ಕೇಳಲಿ, ಅತ್ತೆಯೂ ಕೇಳಲಿ, ಮಗಳೂ ಕೇಳಲಿ.

ರೀ. ಹೇಳಿಬಿಟ್ಟೆ, ಪಿಸುಮಾತಲ್ಲ, ಲ್ಯಾಬಿನಲ್ಲಿ ಕಿವಿ ಮಂದದ ಮುದುಕರಿಗೆ ಹೇಳುವ ದನಿಯಲ್ಲಿ, ಬಾಯಿ ಮುಚ್ಚಿ, ಕಚ್ಚಿ ನೋಡಿ ಅನ್ನುವ ದನಿಯಲ್ಲಿ, ಡಾಕ್ಟರಮ್ಮ ಸಮುದ್ರದ ಕಡೆ ಊರಿನ ಲ್ಯಾಬು ನೋಡ್ಕೋ ಅಂತಿದಾರೆ, ಅಲ್ಲೇ ಇರ್ಬೇಕಾಗುತ್ತೆ, ಈಗ ಫೋನ್ ಬರುತ್ತೆ, ನೀವೇನಂತೀರಿ? ಮಂಚದ ಮೇಲೆ ಹಾಳೆ ತಿರುವುವುದು ನಿಂತಿತು. ಇವರ ರೆಪ್ಪೆ ಒಮ್ಮೆ ಅದುರಿತು, ನೋಡಿದೆ, ಚೆನ್ನಾಗಿ ನೋಡಿದೆ, ಎಚ್ಚರವಿದ್ದಾರೆ, ಉಸಿರು ಮಾತ್ರ ನಿದ್ದೆಯದು, ಎಳೆದು ಎಳೆದು ಬಿಡುವ ಕಳ್ಳ ಉಸಿರು. ಅಮ್ಮಾ, ನಾನೂ ಬರ್ಲಾ, ಸಮುದ್ರ ಅಂದ್ಯಲ್ಲ, ಅಂದಳು ಮಗಳು. ಸ್ವಲ್ಪ ಇರು ಪುಟ್ಟಾ, ಅಪ್ಪ ಹೇಳ್ಲಿ. ಅಪ್ಪ ಹೇಳುವುದಿಲ್ಲ. ಅತ್ತೆ ಉಣ್ಣೆಯ ಟೋಪಿ ಕಿವಿಯ ಮೇಲಕ್ಕೆ ಸರಿಸಿಕೊಂಡು ಎದ್ದು ಕೂತರು, ಕಾಲು ಕೆಳಗೆ ಬಿಟ್ಟರು, ಈಗ ಶುರುವಾಯಿತು ಅಂದುಕೊಂಡೆ ನಾನು, ನೀನು ಹೋದ್ರೆ ಮನೆ ಯಾರು ನೋಡ್ಕೋತಾರೆ ಅನ್ನುತ್ತಾರೆ, ಬಾಯಲ್ಲಿ ಉತ್ತರ ಸಿದ್ಧ ಮಾಡಿಕೊಂಡೆ — ಹೋಗಮ್ಮಾ ನೀನು, ಅಂದರು ಅತ್ತೆ. ಇವನನ್ನ ಏನು ಕೇಳ್ತೀಯ? ಅಷ್ಟು ವರ್ಷ ಆ ಕೂಲರ್ ಮುಂದೆ ಕೂತು ಕಿರುಚ್ತಿದ್ಯಲ್ಲ, ಒಳಗಿದ್ದ ನನಗೆ ಒಂದೊಂದು ಅಕ್ಷರಾನೂ ಕೇಳಿಸ್ತಿತ್ತು. ನನ್ನ ಬಗ್ಗೆ ಅಂದಿದ್ದೂ ಕೇಳಿಸ್ತಿತ್ತು, ಇರ್ಲಿ ಬಿಡು. ಅಳು ಬರ್ತಿದೆ ಅಂದ್ಯಲ್ಲ ಒಂದಿನ, ಅದೂ ಕೇಳಿಸ್ತು ನನಗೆ. ಪಕ್ಕದಲ್ಲಿದ್ದ ಇವನೊಬ್ಬನಿಗೆ ಕೇಳಿಸ್ತಿರ್ಲಿಲ್ಲ. ಅತ್ತೆಯ ಮುಖ ನೋಡಲಾಗಲಿಲ್ಲ ನನಗೆ, ಅಷ್ಟು ವರ್ಷ ಗೋಡೆಯ ಆಚೆ ಒಬ್ಬರು ಕೇಳಿಸಿಕೊಳ್ಳುತ್ತಿದ್ದರು, ಈಚೆ ನಾನು ಗೋಡೆಗೆ ಹೇಳುತ್ತಿದ್ದೆ. ರೀ, ಕೇಳಿಸ್ತಾ? ಈಗಲಾದರೂ ಕೇಳಿಸ್ತಾ? ಹೊದಿಕೆ ಅಲುಗಿತು. ಕೈ ಹೊರಗೆ ಬರುತ್ತಿದೆ, ಬರಲಿ, ನನ್ನ ಕೈ ಹಿಡಿಯಬಹುದು, ಹಿಡಿದು ಏನೂ ಅನ್ನದಿದ್ದರೂ ಸಾಕು, ಅಷ್ಟೇ ಸಾಕು ಅನ್ನಿಸಿತು, ಅಷ್ಟಕ್ಕೇ ಕರಗುವ ಮೇಣ ನಾನು — ಕೈ ನನ್ನನ್ನು ದಾಟಿ, ಹಾಸಿಗೆಯ ಅಂಚು ತಡವಿ, ದಿಂಬಿನ ಕೆಳಗೆ ಹೋಗಿ, ರಿಮೋಟ್ ಹಿಡಿದುಕೊಂಡು ಹೊರಗೆ ಬಂತು. ಕಣ್ಣು ಮುಚ್ಚಿಯೇ ಇದೆ. ಹೆಬ್ಬೆರಳು ಒತ್ತುತ್ತದೆ, ಪೀಂ, ಗಾಳಿ ಜೋರಾಯಿತು. ಒತ್ತುತ್ತದೆ, ಪೀಂ, ಇನ್ನೂ ಜೋರು, ಪರದೆ ಹಾರುತ್ತಿದೆ, ಮಗಳ ಪುಸ್ತಕದ ಹಾಳೆ ಪಟಪಟ, ಹೂಂ, ಈಗ ಚೆನ್ನಾಗಿ ಸದ್ದಾಗುತ್ತಿದೆ. ಹಾಸಿಗೆಯ ಮೇಲೆ ನನ್ನ ಫೋನು ನಡುಗುತ್ತಿದೆ, ಡಾಕ್ಟರಮ್ಮ. ಎತ್ತಿದೆ. ಹೆಬ್ಬೆರಳು ಮತ್ತೊಮ್ಮೆ ಒತ್ತಿತು, ಬೇಕಾದ್ದಕ್ಕಿಂತ ಒಂದು ಸಲ ಹೆಚ್ಚೇ ಒತ್ತಿತು, ತುದಿಗೆ ಹೋದ ಗಾಳಿ ಮೊದಲಿನ ಮೆಲ್ಲಗಿನದಕ್ಕೇ ಬಿದ್ದುಹೋಯಿತು, ಕೋಣೆ ಗಪ್‌ಚಿಪ್, ಆ ನಿಶ್ಶಬ್ದದಲ್ಲಿ ನನ್ನ ದನಿ ನನಗೇ ದೊಡ್ಡದಾಗಿ ಕೇಳಿತು, ಹೂಂ ಮೇಡಂ, ಬರ್ತೀನಿ. ಪೀಂ. ಜೋರು. ಪೀಂ. ಇನ್ನೂ ಜೋರು. ಯಾವಾಗ ಬರ್ತೀಯ ಅನ್ನುತ್ತಿದ್ದಾರೆ ಡಾಕ್ಟರಮ್ಮ, ಹೇಳಬೇಕು, ಹೇಳುತ್ತೇನೆ, ಆದರೆ ಕಣ್ಣು ಅಲ್ಲಿಂದ ಕೀಳಲಾಗುತ್ತಿಲ್ಲ, ಪೀಂ, ಮತ್ತೆ ಬಿದ್ದುಹೋಯಿತು, ಮತ್ತೆ ಏರಿಸುತ್ತಿದ್ದಾರೆ, ಮುಚ್ಚಿದ ಕಣ್ಣು, ನಿದ್ದೆಯ ಉಸಿರು, ಉಗುರಿನ ಸುತ್ತ ಬೆಳ್ಳಗಾಗಿದೆ, ಅಷ್ಟು ಬಿಗಿ, ಒತ್ತುತ್ತಿದೆ, ಪೀಂ, ಒತ್ತುತ್ತಿದೆ, ಆ ಹೆಬ್ಬೆರಳು, ಪೀಂ, ಆ ಹೆಬ್ಬೆರಳು